ಬದುವಿನ ಮೇಲಿನ ಮಾತು

ಗಂಗಾವತಿಯ ಕಂಪ್ಯೂಟರ್ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ನವಲಿ ಕಡೆಯ ಹುಡುಗಿ. ರಜೆಯಲ್ಲಿ ತಾಯಿಯ ಜೊತೆ ಭತ್ತದ ನಾಟಿಗೆ ಹೋಗುತ್ತಿದ್ದಳು. ಟೈಪ್ ಮಾಡುವಾಗಲೂ ಸಸಿ ಊರುವವಳಂತೆ ಬಾಗಿಯೇ ಇರುತ್ತಿದ್ದಳು. ಅವರ ಗುಂಪಿನ ಹೆಂಗಸರು ಕೂಲಿ ಗೊತ್ತಾಗುವವರೆಗೆ ಗದ್ದೆಗೆ ಇಳಿಯುತ್ತಿರಲಿಲ್ಲ. ಆಟೋ ಹತ್ತುವ ಮೊದಲು ಬಾಡಿಗೆ ಕೇಳುವಾಗಲೂ ಅವಳದು ಅದೇ ಮಾತು: “ಬದುವಿನ ಮ್ಯಾಲ ಮಾತಾಡೂಣ್ರಿ, ಕೆಸರಾಗ ಇಳಿದ ಮ್ಯಾಲ ಮಾತಿಲ್ಲ.”

ಕೋರ್ಸು ಮುಗಿದ ಮೇಲೆ, ಅಕ್ಕಿ ಗಿರಣಿಗಳ ಕಂಪ್ಯೂಟರಿಗೆ ಸಾಫ್ಟ್‌ವೇರ್ ಹಾಕಿಕೊಡುವ ಅಂಗಡಿಯೊಂದು ನಮ್ಮಿಬ್ಬರನ್ನೂ ಕೆಲಸಕ್ಕೆ ಕರೆಯಿತು. ನಾನು ಒಳಗೆ ಹೋಗಿ ಕುರ್ಚಿಯಲ್ಲಿ ಕುಳಿತೆ. ಅವಳು ಚಪ್ಪಲಿ ಬಿಡದೆ ಹೊಸ್ತಿಲಾಚೆಯೇ ನಿಂತಳು.

“ಒಳಗ ಬಾರವಾ,” ಎಂದರು ಮಾಲೀಕರು.

“ಪಗಾರ ಹೇಳ್ರಿ, ಬರ್ತೇನಿ.”

“ಹೊಸಬರಿಗೆ ಅರ್ಧ ಪಗಾರ. ಮದಲ ಕೆಲಸ ಕಲೀರಿ.”

ಆ ವರ್ಷ ಅವಳ ತಾಯಿಗೆ ಸೊಂಟ ಹಿಡಿದು ನಾಟಿ ನಿಂತಿತ್ತು. ಈ ಕೆಲಸ ಅವಳಿಗೆ ಬೇಕೇ ಬೇಕಿತ್ತು.

“ಆತ್ರಿ. ಅರ್ಧ ಪಗಾರಕ್ಕ ಅರ್ಧ ದಿನ. ಊಟದ ಹೊತ್ತಿಗೆ ಏಳ್ತೇನಿ,” ಎಂದಳು. ಆಮೇಲೆ ಚಪ್ಪಲಿ ಬಿಟ್ಟಳು.

ಮಾಲೀಕರು ತಮಾಷೆ ಎಂದುಕೊಂಡು ನಕ್ಕರು.

ಮೊದಲ ದಿನವೇ ಮಧ್ಯಾಹ್ನ ಅವಳು ಕೀಬೋರ್ಡಿಗೆ ಬಟ್ಟೆ ಮುಚ್ಚಿ ಎದ್ದಳು. ಅವಳ ಕೈಯಲ್ಲಿದ್ದ ಗಿರಣಿಯ ಕಂಪ್ಯೂಟರ್ ಇನ್ನೂ ತಯಾರಾಗಿರಲಿಲ್ಲ. ಒಯ್ಯಲು ಬಂದವರು ಬಾಗಿಲಲ್ಲಿ ಕಾಯುತ್ತಿದ್ದರು.

“ಏ ತಂಗಿ, ಕೆಲಸ ಅರ್ಧಕ್ಕ ನಿಂತೈತಿ,” ಎಂದರು ಮಾಲೀಕರು.

“ಪಗಾರಾನೂ ಅಲ್ಲೇ ನಿಂತೈತ್ರಿ,” ಎಂದಳು, ಚಪ್ಪಲಿ ಮೆಟ್ಟುತ್ತ.