ನೆರಳು ಬಿಟ್ಟ ಕುದುರೆ

ಪ್ರಾಣಿಗಳ ವರ್ತನೆ ಮತ್ತು ಯೋಗಕ್ಷೇಮದ ಎಂ.ಎಸ್ಸಿ. ಪ್ರಬಂಧಕ್ಕೆ ನಾನು ಟಾಂಗಾ ಕುದುರೆಗಳನ್ನು ಆರಿಸಿಕೊಂಡಾಗ ಮನೆಯಲ್ಲಿ ರಾದ್ಧಾಂತವೇ ಆಯಿತು. ತೊಂಬತ್ತರ ದಶಕದ ಮಾತು. ಲಷ್ಕರ್ ಮೊಹಲ್ಲಾದಲ್ಲಿ ಅಪ್ಪನದು ಬೆಲ್ಲದ ಮಂಡಿ. "ಅಲ್ಲ ಕಣೇ, ಇಷ್ಟು ಓದ್ಬುಟ್ಟು ಕುದ್ರೆ ಮುಂದೆ ಹೋಗಿ ನಿಂತ್ಕೋತೀಯಾ? ಮಠದಲ್ಲಿ ಯಾರಾದ್ರೂ ಕೇಳಿದ್ರೆ ಏನಂತ ಹೇಳ್ಲಿ?" ಎಂದು ಅಜ್ಜಿ ಹಣೆ ಚಚ್ಚಿಕೊಂಡರು. "ಕುದ್ರೆ ಕಾಯ್ತಾವ್ಳೆ ಅನ್ನಜ್ಜಿ" ಎಂದೆ. ಆಗ ನನ್ನ ನಾಲಿಗೆ ಬಲು ಚುರುಕು. ಈಗಲೂ ಕಡಿಮೆಯೇನಿಲ್ಲ.

ನನ್ನ ಗೈಡ್‌ಗೂ ನಂಬಿಕೆ ಇರಲಿಲ್ಲ. "ಕುದುರೆಗೆ ಏನು ಬೇಕು ಅಂತ ಕುದುರೇನೇ ಕೇಳ್ತೀನಿ ಅಂತೀಯ. ಕೇಳು. ಈ ಬೇಸಿಗೆ ಒಳಗೆ ಸರಿಯಾದ ಉತ್ತರ ಸಿಗದಿದ್ರೆ ಲ್ಯಾಬಿನ ಬಿಳಿ ಇಲಿ ತಗೋಬೇಕು" ಎಂದರು. ಪಂಜರದಲ್ಲೇ ಹುಟ್ಟಿ ಪಂಜರದಲ್ಲೇ ಸಾಯುವ ಇಲಿಯ ಹತ್ತಿರ ನಿನಗೇನು ಬೇಕು ಎಂದು ಕೇಳುವುದಕ್ಕೆ ನನಗೆ ಮನಸ್ಸೇ ಇರಲಿಲ್ಲ.

ನಜರ್‌ಬಾದಿನ ಟಾಂಗಾದವರೊಬ್ಬರ ಹತ್ತಿರ ಎರಡು ಕುದುರೆಗಳಿದ್ದವು: ಒಂದು ಬಿಳಿ ಹೆಣ್ಣು, ಒಂದು ಮುದಿ ಗಂಡು. ಮಧ್ಯಾಹ್ನ ಗಾಡಿಯಿಂದ ಬಿಚ್ಚಿ ಎರಡನ್ನೂ ಖಾಲಿ ಸೈಟಿನಲ್ಲಿ ಬಿಡುತ್ತಿದ್ದರು. ಅಪ್ಪನನ್ನು ಕಾಡಿ ಮಂಡಿಯ ಹಳೆ ಟಾರ್ಪಾಲು ತಂದು ಅಲ್ಲಿ ಚಪ್ಪರದ ಹಾಗೆ ಕಟ್ಟಿಸಿದೆ. ಬಿಳಿ ಕುದುರೆ ನೆರಳನ್ನೇ ಆರಿಸುತ್ತದೆ ಎಂದು ಗೈಡ್‌ಗೆ ಮೊದಲೇ ಬರೆದುಕೊಟ್ಟಿದ್ದೆ. ಕುದುರೆಯ ಕಿವಿಯ ಅಲುಗಾಟವೂ ಹತ್ತಿರದಿಂದ ಕಾಣಬೇಕಿತ್ತು; ಹಾಗಾಗಿ ರಸ್ತೆ ಬದಿಯ ಹೊಂಗೆ ಮರ ಬಿಟ್ಟು ಬಿಸಿಲಲ್ಲೇ ನಿಲ್ಲುತ್ತಿದ್ದೆ. ಕೊಡೆ ಬಿಚ್ಚಿದರೆ ಕುದುರೆಗಳು ಬೆಚ್ಚುತ್ತಿದ್ದವು.

ಮುದಿ ಕುದುರೆಗೆ ಟಾರ್ಪಾಲಿನ ಪಟಪಟ ಸದ್ದೆಂದರೆ ಭಯ, ಹತ್ತಿರವೇ ಸುಳಿಯಲಿಲ್ಲ. ಬಿಳಿ ಕುದುರೆ ನೆರಳಿಗೆ ಹೋಯಿತು, ತಿರುಗಿ ನೋಡಿತು, ಹೊರಗೆ ಬಂದು ಮುದಿಯದರ ಮಗ್ಗುಲಲ್ಲಿ ಬಿಸಿಲಿಗೆ ನಿಂತುಕೊಂಡಿತು. ಮರುದಿನವೂ ಹಾಗೆಯೇ.

"ಬಿಸ್ಲು ಏರ್ಲಿ ತಾಳಿ ಕಣಮ್ಮ. ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ?" ಎಂದರು ಟಾಂಗಾದವರು.

ಬಿಸಿಲು ಏರಿತು. ಆ ಮಹಾರಾಯ್ತಿ ನೆರಳಿಗೆ ಬರಲೇ ಇಲ್ಲ. ಬೇಸಿಗೆ ಮುಗಿಯುತ್ತಾ ಬಂದಿತ್ತು, ನನಗೆ ಅಳುವೇ ಬಂತು. ಆಮೇಲೆ ಸಿಟ್ಟು ಬಂತು, ನನ್ನ ಮೇಲೇ. ಕೇಳಿದವಳು ನಾನು. ಉತ್ತರ ಹಿಡಿಸಲಿಲ್ಲವೆಂದು ಮುಖ ತಿರುಗಿಸುವುದಾದರೆ ಕೇಳಿದ್ದಾದರೂ ಯಾಕೆ? ಆ ಕುದುರೆಗೆ ನೆರಳಿಗಿಂತ ಜೊತೆ ದೊಡ್ಡದು. ಅದನ್ನೇ ಬರೆಯುತ್ತೇನೆ ಎಂದು ಗೈಡ್ ಮುಂದೆ ಹಠ ಹಿಡಿದೆ.

"ಜೊತೆಯೂ ಇಲ್ಲ, ಗಿತೆಯೂ ಇಲ್ಲ. ಬುದ್ಧಿ ಇಲ್ಲದ ಪ್ರಾಣಿ, ಬಿಸಿಲಲ್ಲಿ ನಿಂತಿದೆ ಅಷ್ಟೆ. ಇಲಿ ತಗೋ" ಎಂದರು ಗೈಡ್.

"ಒಂದ್ಸಲ ಬಂದು ನೋಡಿ ಸರ್. ನೋಡಿದ ಮೇಲೂ ಹಂಗೇ ಅನ್ನಿಸಿದ್ರೆ ಇಲೀನೇ ತಗೋತೀನಿ."

ಗೊಣಗುತ್ತಲೇ ಸ್ಕೂಟರಿನಲ್ಲಿ ಬಂದರು. ನೆತ್ತಿ ಸುಡುವ ಬಿಸಿಲು. "ನೀವು ಆ ಹೊಂಗೆ ಕೆಳಗೆ ನಿಂತ್ಕೊಳ್ಳಿ ಸರ್, ಅಲ್ಲಿಂದ್ಲೂ ಕಾಣುತ್ತೆ" ಎಂದೆ. ಹೋದರು. ಬಿಳಿ ಕುದುರೆ ಎಂದಿನಂತೆ ನೆರಳಿಗೆ ಹೋಗಿ, ವಾಪಸು ಬಂದು ಮುದಿಯದರ ಪಕ್ಕ ನಿಂತಿತು. ನಾನು ಅದರ ಕಿವಿಯನ್ನೇ ನೋಡುತ್ತಿದ್ದೆ. ಪಕ್ಕದಲ್ಲಿ ಯಾರೋ ಕೆಮ್ಮಿದಂತಾಯಿತು. ಗೈಡ್, ತಲೆಯ ಮೇಲೆ ಕರ್ಚೀಫು ಹಾಕಿಕೊಂಡು ನಿಂತಿದ್ದರು.

"ಯಾಕೆ ಸರ್, ನೆರಳು ಬಿಟ್ಟು ಬಂದ್ಬಿಟ್ರಿ?"

"ನೀನೊಬ್ಳೇ ಇಲ್ಲಿ ಬಿಸಿಲಲ್ಲಿ ನಿಂತಿದ್ದೀಯಲ್ಲಮ್ಮ" ಎಂದರು.

ಅಂದವರು ತಟ್ಟನೆ ಕುದುರೆಗಳ ಕಡೆ ತಿರುಗಿದರು. ಅತ್ತಲೇ ನೋಡುತ್ತಾ, "ಇಲಿ ಬೇಡ ಬಿಡು" ಎಂದರು.