ಟಗರಿಗೆ ಹೊಲಿದ ಕಂಬಳಿ ಚೀಲ

ಹುಳಿಯಾರಿನ ಆಚೆಯ ಕುರಿಗಾಹಿಗಳ ಹಟ್ಟಿಯಲ್ಲಿ ತಾಯಿ ಸತ್ತ ಮರಿಗಳೆಲ್ಲ ಕೊನೆಗೆ ಕೆಂಚಕ್ಕನ ಮಡಿಲಿಗೇ ಬರುತ್ತಿದ್ದವು. ಬೂದ ಹಾಗೆ ಬಂದದ್ದು. ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದಳು. ಈಗ ಅವರ ಮಂದೆಗೆ ಇದ್ದದ್ದು ಅದೊಂದೇ ಟಗರು.

ಬೇಸಿಗೆಯಲ್ಲಿ ಜಾಲಿಮುಳ್ಳು ತಗುಲಿ ಬೂದನ ಬೀಜದ ಚೀಲ ಹರಿಯಿತು. ಕೆಂಚಕ್ಕ ಅರಿಸಿನ, ಕೊಬ್ಬರಿ ಎಣ್ಣೆ ಹಚ್ಚಿ, ಹಳೆಯ ಕಂಬಳಿಯ ತುಂಡನ್ನು ಚೀಲದಂತೆ ಹೊಲಿದು ಗಾಯ ಮುಚ್ಚುವಂತೆ ಕಟ್ಟಿದಳು. ಗಾಯ ಮಾಯ್ದ ಮೇಲೂ ಬಿಚ್ಚಲಿಲ್ಲ. ಗುಡ್ಡದ ತುಂಬ ಮುಳ್ಳೇ ಇರುವಾಗ ಬಿಚ್ಚುವುದು ಹೇಗೆ?

“ನಮ್ಮತ್ಗೆ ಟಗರಿಗೆ ಚಡ್ಡಿ ಹೊಲ್ದವ್ಳೆ ಕಣ್ಲಾ!” ಎಂದು ಮೈದುನ ರಂಗನಾಥ ಹಟ್ಟಿಗೆಲ್ಲ ಸಾರಿಕೊಂಡು ನಗುತ್ತಿದ್ದ.

ಮಳೆ ಬಿದ್ದ ಮೇಲೆ ಚೀಲ ಬಿಚ್ಚಿ ಮಂದೆಗೆ ಬಿಟ್ಟರು. ಬೂದ ಹಾರಿದ ಕುರಿಗಳು ಮತ್ತೆ ಮತ್ತೆ ಬೆದೆಗೆ ಬಂದವು. ಒಂದೂ ಗಬ್ಬವಾಗಲಿಲ್ಲ. ಕೆಂಚಕ್ಕನ ಗಂಡ ಕ್ಯಾತಣ್ಣ ಕೊನೆಗೆ ದನದ ಡಾಕ್ಟರು ಶಶಿರೇಖಾರನ್ನು ಕರೆತಂದ.

ಅವರು ಟಗರಿನ ಬೀಜ ಹಿಚುಕಿ ನೋಡಿದರು. “ಮೆತ್ತಗಾಗಿದೆ. ಏನು ಕಟ್ಟಿದ್ರಿ ಇದಕ್ಕೆ?”

ಕೆಂಚಕ್ಕ ಚೀಲ ತಂದು ತೋರಿಸಿದಳು.

“ಅಯ್ಯೋ ಅಮ್ಮ, ಅದು ಮೈಯಿಂದ ದೂರ ನೇತಾಡೋದೇ ತಂಪಿಗೆ. ಒಳಗೆ ದಾರದಂಥ ನಳಿಗೆಗಳಿರ್ತವೆ. ಅವುಗಳ ಗೋಡೆಗೆ ಆತ್ಕೊಂಡು ಸಾಕೋ ಕೋಶಗಳಿರ್ತವೆ, ಸೆರ್ಟೋಲಿ ಅಂತೀವಿ. ಎಳೇ ವೀರ್ಯಾಣುಗಳನ್ನ ಮಡಿಲಲ್ಲಿ ಇಟ್ಕೊಂಡು ಉಣಿಸೋದು, ಕಾಯೋದು, ಬಲಿತ ಮೇಲೆ ಕಳಿಸೋದು ಎಲ್ಲ ಅವೇ. ಸೆಕೆಗೆ ಅವು ಹಿಡಿತ ಬಿಟ್ಟಿವೆ. ಎಳೇವೆಲ್ಲ ಬಲಿಯೋಕೆ ಮುಂಚೆನೇ ಉದುರಿವೆ.”

“ಸಾಕೋವು ಸತ್ತೋದ್ವಾ, ಡಾಕ್ಟ್ರೇ?”

“ಸತ್ತಿರಲಾರವು, ಸೋತಿವೆ. ಎರಡು ಮೂರು ತಿಂಗಳು ತಂಪಾಗಿದ್ರೆ ಮತ್ತೆ ಸಾಕ್ತವೆ.”

ಡಾಕ್ಟರು ಹೋದ ಮೇಲೆ ಕ್ಯಾತಣ್ಣ ಬೂದನನ್ನು ಮಾರುವ ಮಾತೆತ್ತಿದ. ಕೆಂಚಕ್ಕ ಅವನ ಮುಂದೆ ಕುಳಿತಳು. “ಕಾಯಾನ ಕಣ್ರೀ. ತಪ್ಪು ನಂದು, ಅದ್ಯಾಕೆ ಕಟುಕನ ಪಾಲಾಗ್ಬೇಕು?”

“ಅಲ್ಲೀಗಂಟ ಕುರಿಗುಳ್ನ ಬರಿದೇ ಮೇಯಿಸ್ಲಾ? ಬ್ಯಾರೆ ಟಗರು ತರ್ಲೇಬೇಕು. ಎರಡೂ ಒಂದೇ ಮಂದೇಲಿದ್ರೆ ಗುದ್ದಾಡಿ ಒಂದು ಸಾಯ್ತದೆ.” ಕ್ಯಾತಣ್ಣನ ದನಿ ಇಳಿಯಿತು. “ನಿನ್ ಮ್ಯಾಲೆ ಕ್ವಾಪ ಇಲ್ಲ ಕಣೇ. ಬುಡು.”

ಕೋಪವಾದರೂ ಇದ್ದಿದ್ದರೆ ಅವಳು ಜಗಳವಾಡುತ್ತಿದ್ದಳು.

ಮರುದಿನ ಬೆಳಗ್ಗೆ ಕಟುಕನ ಟೆಂಪೋ ಬಂತು. ಬೂದ ನೆಲಕ್ಕೆ ಕಾಲೂರಿ ನಿಂತಿತು. ರಂಗನಾಥ ಹಿಂದಿನಿಂದ ನೂಕಿದ, ಕಟುಕ ಕೊಂಬು ಹಿಡಿದು ಎಳೆದ. ಅಲುಗಲಿಲ್ಲ. ಯಾರೂ ನಗುತ್ತಿರಲಿಲ್ಲ. ಕ್ಯಾತಣ್ಣ ಹೆಂಡತಿಯ ಕಡೆ ನೋಡಿದ.

ಕೆಂಚಕ್ಕ ಸೆರಗು ಸಿಕ್ಕಿಸಿ ತಾನೇ ಮೊದಲು ಟೆಂಪೋ ಹತ್ತಿದಳು. ನಾಲಿಗೆ ಲೊಚಗುಟ್ಟಿ ಕರೆದಳು. ಬೂದ ಒಂದೇ ನೆಗೆತಕ್ಕೆ ಅವಳ ಪಕ್ಕ ಬಂದು ನಿಂತಿತು. ಕಟುಕ ಹಗ್ಗಕ್ಕೆ ಕೈ ಚಾಚಿದ. ಅವಳು ಕೊಡಲಿಲ್ಲ. ಸರಳಿಗೆ ತಾನೇ ಕಟ್ಟಿ, ಕುತ್ತಿಗೆಯ ಬಳಿ ಎರಡು ಬೆರಳು ತೂರಿಸಿ, ಬಿಗಿಯಾಗಿಲ್ಲವೆಂದು ನೋಡಿಕೊಂಡು ಇಳಿದಳು.