ಮೈಕಣ್ಣನ ಕಿವಿ

ಕಳೆದ ವಾರ ಕಲ್ಪೆಟ್ಟದಲ್ಲಿ ಬಸ್ಸಿಗೆ ಕಾಯುತ್ತ ಒಂದು ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನಿಂತಿದ್ದೆ. ಒಳಗೆ ಯಾರೋ ಬೆಸುಗೆ ಹಾಕುತ್ತಿದ್ದರು. ಕಾದ ಸೀಸಕ್ಕೆ ರಾಳ ತಾಗಿ ಎದ್ದ ಹೊಗೆಯ ವಾಸನೆ ಮೂಗಿಗೆ ಬಡಿಯಿತು ನೋಡಿ, ಬಂದ ಬಸ್ಸನ್ನೂ ಬಿಟ್ಟುಬಿಟ್ಟೆ. ಮುಂದಿನದು ಬರುವ ತನಕ ಅಲ್ಲೇ ನಿಂತು ಮೈಕಣ್ಣನನ್ನು ನೆನೆದೆ...

ಮೈಕಣ್ಣ ಅಂದರೆ ಕೇಣಿಚಿರದಲ್ಲಿ ನಮ್ಮ ತವರಿನ ಪಕ್ಕದ ಮನೆಯವರು. ಮೈಕ್ ಸೆಟ್ಟು, ನಾಟಕದ ಲೈಟು ಬಾಡಿಗೆಗೆ ಕೊಡುವ ಅಂಗಡಿ ಅವರದು. ರಕ್ತಸಂಬಂಧವೇನಿಲ್ಲ. ನಮ್ಮ ಹಾಗೆಯೇ ಗುಂಡ್ಲುಪೇಟೆ ಕಡೆಯಿಂದ ಹಿಂದೆಂದೋ ಬಂದು ನೆಲೆಯಾದ ಕುಟುಂಬ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮಲಯಾಳ. ಮೈಕಣ್ಣನಂತೂ ಕನ್ನಡ ಮಾತಾಡುವಾಗಲೂ ಕಿರಿಯರನ್ನು ಮಗನೇ, ಮಗಳೇ ಎನ್ನದೆ ಮೋನೇ, ಮೋಳೇ ಅನ್ನುವರು. ಆಗಷ್ಟೇ ವಯನಾಡು ಜಿಲ್ಲೆಯಾಗಿತ್ತು. ಹೊಸ ಜಿಲ್ಲೆಯ ಸಡಗರ ಕೇಳಬೇಕೆ! ಮಳೆ ಬಿಟ್ಟರೆ ಸಾಕು, ಎಲ್ಲೋ ಒಂದು ಕಚೇರಿಯ ಉದ್ಘಾಟನೆ. ಕಚೇರಿಗೆ ಮೇಜು ಕುರ್ಚಿ ಬರುವ ಮೊದಲೇ ಮೈಕು ಬಂದಿರಬೇಕು. ಮೈಕಣ್ಣನಿಗೆ ಕೈತುಂಬ ಕೆಲಸ.

ಸುತ್ತಲಿನ ಮೈಕ್ ಸೆಟ್ಟಿನವರೆಲ್ಲ ಕೆಟ್ಟ ಆಂಪ್ಲಿಫೈಯರುಗಳನ್ನು ಹೊತ್ತು ತರುತ್ತಿದ್ದುದೂ ಇವರ ಹತ್ತಿರವೇ. ನಾಟಕಗಳಿಗೆ ಬೆಳಕು ಹೆಚ್ಚುಕಡಿಮೆ ಮಾಡಲು ಇವರೇ ಮಾಡಿಕೊಂಡ ಒಂದು ಉಪಾಯವಿತ್ತು. ಉಪ್ಪಿನಕಾಯಿ ಭರಣಿಯಲ್ಲಿ ಉಪ್ಪುನೀರು, ಅದರೊಳಗೆ ಎರಡು ತಗಡು. ಒಂದು ತಗಡನ್ನು ಹಗ್ಗದಲ್ಲಿ ನಿಧಾನವಾಗಿ ಮೇಲೆತ್ತಿದರೆ ರಂಗದ ಮೇಲೆ ಸೂರ್ಯ ಮುಳುಗುತ್ತಿದ್ದ. ಭರಣಿ ಅವರ ಹೆಂಡತಿಯದು. ನಾನು ಅವರನ್ನು ಅತ್ತಿಗೆ ಅನ್ನುತ್ತಿದ್ದೆ. "ಮಾವಿನಕಾಯಿಗೆ ಅಂತ ತಂದದ್ದು ಕಣೇ, ಇವರ ಸೂರ್ಯನ್ನ ಊರ್ಸಾಕಲ್ಲ" ಎಂದು ಅತ್ತಿಗೆ ಗೊಣಗುವುದು ಇದ್ದೇ ಇತ್ತು. ಆದರೆ ಹೊಸ ಭರಣಿ ಕೊಂಡರೆ ಅದನ್ನೂ ಅವರೇ ತಂದು ಅಂಗಡಿಯಲ್ಲಿಡುತ್ತಿದ್ದರು.

ಆಗ ನನಗೆ ಮದುವೆಯಾಗಿರಲಿಲ್ಲ. ಮನೆಯಲ್ಲಿ ಕೂತು ಬಟ್ಟೆ ಹೊಲಿಯುತ್ತಿದ್ದೆ. ಅತ್ತಿಗೆ ಯಾವ ಪರಿಪಾಡಿಗೆ, ಅಂದರೆ ಕಾರ್ಯಕ್ರಮಕ್ಕೆ, ಹೊರಟರೂ ಜೊತೆಗೆ ನನ್ನನ್ನು ಎಳೆದುಕೊಂಡು ಹೋಗುತ್ತಿದ್ದರು. ಮಂತ್ರಿಯ ಭಾಷಣವಿರಲಿ, ಇಗರ್ಜಿಯ ಹಬ್ಬವಿರಲಿ, ಮುಂದಿನ ಸಾಲಿನ ಎಡತುದಿಯಲ್ಲೇ ಕೂರಬೇಕು. ಗಂಡ ಮೈಕು ಹಾಕಿದಲ್ಲೆಲ್ಲ ಹೆಂಡತಿ ಹಾಜರು ಎಂದು ಊರಿನವರು ನಗುತ್ತಿದ್ದರು. ಹೊಟ್ಟೆಕಿಚ್ಚಿನ ಹೆಂಗಸು, ಕಾವಲಿಗೆ ಬರುತ್ತಾಳೆ ಅನ್ನುವವರೂ ಇದ್ದರು. ನಮ್ಮ ಊರಿನವರ ಬಾಯಿಗೆ ಬೀಗವೆಲ್ಲಿ?

ನಾನೂ ಹಾಗೇ ಅಂದುಕೊಂಡಿದ್ದೆನೋ ಏನೋ. ಒಂದು ದಿನ ಗಮನಿಸಿದೆ. ಮೈಕು ಕುಂಯ್ ಎಂದು ಕೀರಲು ಶುರುಮಾಡಿದ ಕೂಡಲೇ ಅತ್ತಿಗೆ ಸೆರಗನ್ನು ಬಲ ಭುಜಕ್ಕೆ ಎಳೆದುಕೊಳ್ಳುವರು. ರಂಗದ ಪಕ್ಕ ಕೂತ ಮೈಕಣ್ಣ ಧ್ವನಿಯ ತಿರುಪು ತಗ್ಗಿಸುವರು. ಕೀರಲು ನಿಲ್ಲುವುದು, ಸೆರಗು ಇಳಿಯುವುದು. ಮನೆಗೆ ಬರುವಾಗ ಕೇಳಿಯೇ ಬಿಟ್ಟೆ. ಅತ್ತಿಗೆ ನನ್ನ ಕೈ ಗಟ್ಟಿಯಾಗಿ ಹಿಡಿದರು.

"ಮಾತೆಲ್ಲ ಕೇಳ್ತದೆ ಅವರ್ಗೆ. ಆ ಸಣ್ಣ ಕೀರಲು ಮಾತ್ರ ಕೇಳಕ್ಕಿಲ್ಲ. ಯಾರ ಹತ್ರಾನೂ ಅನ್ಬೇಡ ಕಣವ್ವ. ಕಿವುಡನ ಮೈಕನ್ನ ಯಾರು ಕರೀತಾರೆ ಹೇಳು?"

ವರ್ಷಗಟ್ಟಲೆ ಸ್ಪೀಕರುಗಳ ಬುಡದಲ್ಲೇ ಕೂತು ಕಿವಿ ಹೋಗಿತ್ತು. ರಿಪೇರಿಯಲ್ಲೂ ಅಷ್ಟೇ. ಅವರು ಆಂಪ್ಲಿಫೈಯರು ಬಿಚ್ಚಿ ಬೆಸುಗೆ ಹಾಕುವಾಗ ಅತ್ತಿಗೆ ಪಕ್ಕದಲ್ಲಿ ಬೀನ್ಸು ಬಿಡಿಸುತ್ತ ಕೂತು, "ಇನ್ನೂ ಕೀರ್ತದೆ... ಈಗ ನಿಂತೋಯ್ತು" ಅನ್ನುವರು. ನೋಡಿದವರಿಗೆ ಗಂಡ ಹೆಂಡಿರ ಹರಟೆ. ನಾನು ಯಾರಿಗೂ ಹೇಳಲಿಲ್ಲ.

ಕರ್ಕಾಟಕ ತಿಂಗಳ ಮಳೆಯಲ್ಲಿ ಅತ್ತಿಗೆಗೆ ಕಾಮಾಲೆ ಬಂತು. ಪಥ್ಯ, ನಾಟಿ ಮದ್ದು, ಆಸ್ಪತ್ರೆ ಎಲ್ಲ ಆಯಿತು. ಮಳೆ ನಿಲ್ಲುವ ಮೊದಲೇ ಹೋಗಿಬಿಟ್ಟರು. ಮೈಕಣ್ಣ ಅಳಲಿಲ್ಲ. ಬಂದವರಿಗೆ ತಾವೇ ಕುರ್ಚಿ ಹಾಕುತ್ತಿದ್ದರು. ನನಗೇ ತಡೆಯಲಾಗದೆ ಹಿತ್ತಿಲಿಗೆ ಹೋಗಿ ಅತ್ತೆ.

ಅದಾದ ಮೇಲೆ ಮೈಕಣ್ಣ ಮೊದಲು ಒಪ್ಪಿಕೊಂಡದ್ದು ಪೊನ್ಕುಳಿಯಲ್ಲಿ ನಮ್ಮ ಕನ್ನಡದವರು ಆಡಿದ ಒಂದು ನಾಟಕ. ಕಾಡಿನಂಚು, ಕತ್ತಲಾಗುವ ಮೊದಲೇ ಮುಗಿಸಬೇಕೆಂದು ಮಧ್ಯಾಹ್ನವೇ ಶುರುಮಾಡಿದ್ದರು. ಗುಟ್ಟು ನನಗೊಬ್ಬಳಿಗೇ ಗೊತ್ತಿತ್ತಲ್ಲ, ಅವರ ಅನ್ನ ಉಳಿಯಲಿ ಎಂದು ಸೀರೆಯುಟ್ಟು ಹೋಗಿ ಎಡತುದಿಯಲ್ಲಿ ಕೂತೆ. ನಾನು ಬಂದದ್ದನ್ನು ಅವರು ನೋಡಿದರು.

ನಾಟಕ ಅರ್ಧ ಆಗುವಾಗ ಮೈಕು ಕೀರಿತು. ನಾನು ಸೆರಗನ್ನು ಬಲ ಭುಜಕ್ಕೆ ಎಳೆದುಕೊಂಡೆ. ಮೈಕಣ್ಣ ನನ್ನತ್ತ ನೋಡಿದರು. ಕೈ ತಿರುಪಿನ ಮೇಲೇ ಇತ್ತು. ಇನ್ನೊಮ್ಮೆ ಎಳೆದೆ. ಅವರು ಕೈ ತೆಗೆದು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿದರು. ಕೀರಲು ಏರುತ್ತಲೇ ಹೋಯಿತು. ಮಕ್ಕಳು ಕಿವಿ ಮುಚ್ಚಿಕೊಂಡರು, ಹಿಂದಿನವರು ಕೂಗಾಡಿದರು, ರಂಗದ ಮೇಲಿನ ರಾಜ ಮಾತು ಮರೆತು ನಿಂತ. ಕೊನೆಗೆ ಕಮಿಟಿಯವರೊಬ್ಬರು ಓಡಿಬಂದು ತಾವೇ ತಗ್ಗಿಸಿದರು.

"ಏನಣ್ಣ, ಕಿವಿ ಕೇಳಕ್ಕಿಲ್ವಾ ನಿಂಗೆ?"

"ಇಲ್ಲ ಮೋನೇ, ಕೇಳಕ್ಕಿಲ್ಲ" ಅಂದರು ಮೈಕಣ್ಣ. ಅಷ್ಟು ಜನರ ಎದುರಿಗೆ.

ಅತ್ತಿಗೆ ಅಷ್ಟು ವರ್ಷ ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಬಂದದ್ದು ಒಂದು ಮಾತಿಗೆ ಬೀದಿಗೆ ಬಿತ್ತು. ನನಗೆ ಮೈಯೆಲ್ಲ ಉರಿಯಿತು. ಜೀಪಿನಲ್ಲಿ ವಾಪಸು ಬರುವಾಗ ದೊಡ್ಡವರು ಅನ್ನುವುದನ್ನೂ ನೋಡದೆ ದಬಾಯಿಸಿದೆ. "ನಾ ಸೆರಗು ಎಳೆದದ್ದು ಕಂಡಿತ್ತಲ್ಲ ಅಣ್ಣ, ಯಾಕೆ ತಗ್ಗಿಸ್ಲಿಲ್ಲ?"

ಮುತ್ತಂಗದ ಕಾಡು ದಾಟಿದ ಮೇಲೆ ಅವರು ಹೇಳಿದರು.

"ಕಂಡೆ ಮೋಳೇ. ತಗ್ಗಿಸಿದ್ರೆ, ಅವಳು ಇಲ್ದಿದ್ರೂ ನಡೀತದೆ ಅಂತ ಆಗೋಯ್ತದೆ."

ಮತ್ತೆ ಅವರನ್ನು ಯಾರೂ ಕರೆಯಲಿಲ್ಲ. ಸೆಟ್ಟು ಪನಮರದ ಯಾರಿಗೋ ಹೋಯಿತು. ಆಮೇಲೆ ಟಾರ್ಚು, ಇಸ್ತ್ರಿಪೆಟ್ಟಿಗೆ ಬಿಚ್ಚಿ ಕೂಡಿಸುತ್ತ ಕೂರುತ್ತಿದ್ದರು. ನಾನು ಮದುವೆಯಾಗಿ ಬತ್ತೇರಿಗೆ ಹೋದೆ. ತವರಿಗೆ ಬಂದಾಗಲೆಲ್ಲ ಮಾತಾಡಿಸುತ್ತಿದ್ದೆ. ಕೊನೆಕೊನೆಗೆ ಮಾತೂ ಕೇಳಿಸುತ್ತಿರಲಿಲ್ಲ, ಸುಮ್ಮನೆ ನಗುತ್ತಿದ್ದರು. ಅವರು ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ಮಣ್ಣೂ ಆಗಿತ್ತು...

ಅವರ ಮೇಲಿನ ಸಿಟ್ಟು ನನಗೆ ಬಹಳ ಕಾಲ ಹೋಗಿರಲಿಲ್ಲ. ಎಂಥ ಹಟ! ಸತ್ತವರ ಹೆಸರಿನಲ್ಲಿ ಇದ್ದ ಬದುಕನ್ನೂ ಕೈಯಾರೆ ಮುಳುಗಿಸುವುದು ಯಾವ ನ್ಯಾಯ ಎಂದು ಗಂಡನ ಹತ್ತಿರ ಎಷ್ಟೋ ಸಲ ವಾದ ಮಾಡಿದ್ದೇನೆ. ಅವರು ನಕ್ಕುಬಿಡುತ್ತಿದ್ದರು.

ಈ ಮಳೆಗಾಲದಲ್ಲಿ ನನ್ನ ಗಂಡನೂ ಹೋದರು. ಬೆಳಿಗ್ಗೆ ಮೊದಲ ಕಟ್ಟನ್ ಕಾಪಿ, ಹಾಲಿಲ್ಲದ ಕಾಫಿ, ಮಾಡಿ ನನ್ನನ್ನು ಎಬ್ಬಿಸುತ್ತಿದ್ದವರು ಅವರೇ. ಚೂರು ಬೆಲ್ಲ, ಒಂದು ಚಿಟಿಕೆ ಶುಂಠಿ. ಹದಿನಾರನೆಯ ದಿನದ ಕಾರ್ಯ ಕಳೆದ ಮೇಲೆ ಮಗಳು ಬೇಗನೆ ಎದ್ದು ಹಾಗೆಯೇ ಮಾಡಿ ಹಾಸಿಗೆಯ ಹತ್ತಿರ ತಂದಿಟ್ಟಳು. ನಾನು ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದೆ, ಆರಿಹೋಯಿತು.

"ಯಾಕಮ್ಮಾ, ಅಪ್ಪ ಮಾಡಿದಂಗೆ ಆಗಿಲ್ವಾ?" ಎಂದು ಕೇಳಿದಳು.

ಅವರು ಮಾಡಿದ ಹಾಗೆಯೇ ಆಗಿತ್ತು. ಎದ್ದು ಹೋಗಿ ಹಿತ್ತಿಲಲ್ಲಿ ಚೆಲ್ಲಿಬಂದೆ.